ಮೂಲಿಗೆ ಹೊಟ್ಟು ಮೆತ್ತೂದು ಬಡಿಗತನ ಅಲ್ಲ

ಚೌಕಟ್ಟಿನ ಮೂಲಿ ಸಂದಿ ಬಿಟ್ರ ಮರದ ಹೊಟ್ಟಿಗೆ ಗೋಂದು ಕಲಸಿ ಮೆತ್ತತಾರ. ಮ್ಯಾಲ ಪಾಲಿಶ್ ಹೊಡದು, "ಏನೂ ಕಾಣ್ಸೂದಿಲ್ರಿ ಅಕ್ಕಾರ" ಅಂತಾರ. ಕಾಣ್ಸತದರಿ! ಮೆತ್ತಿದ್ದು ಇವತ್ತಿಲ್ಲ ನಾಳೆ ಉದುರತದ, ಆಮ್ಯಾಲ ಆ ಸಂದ್ಯಾಗ ಇರವಿ, ಧೂಳು ಸೇರತಾವ. ರೊಕ್ಕ ಕೊಟ್ಟೂ ಇದನ್ನ ಯಾಕ ಒಪ್ಪಕೋಬೇಕು? ಕೇಳಿದ್ರ, "ಹೆಣ್ಣಮಕ್ಕಳಿಗೆ ಅಂಗಲ್ ಲೆಕ್ಕ ಏನ್ ತಿಳೀತದ" ಅನ್ನೋ ಮಾತು ಬ್ಯಾರೆ.

ಟೇಬಲ್ ಬಟ್ಟಿ ಅಂಚಿನ ಮೂಲಿ ಓರಿ ಮಡಚಿ, ಸುಕ್ಕಿಲ್ಲದಂಗ ಹೊಲಿಯೋರು ನಾವು. ಕಟಗಿ ಪಟ್ಟಿದೂ ಅದ ಲೆಕ್ಕ. ಮೂಲಿ ಎಷ್ಟು ಡಿಗ್ರಿ ಅದನೋ ಅದರ ಅರ್ಧ ಈ ಪಟ್ಟಿಗೆ, ಅರ್ಧ ಆ ಪಟ್ಟಿಗೆ. ಇಷ್ಟರಿ.

"ಎಲ್ಲಾ ಮೂಲಿಗೂ 45" ಅನ್ನೂದು ಮೊದಲನೇ ಸುಳ್ಳು. ಮೂಲಿ ಖರೇನ 90 ಇದ್ದಾಗಷ್ಟ 45. ಗಿಲಾವ್ ಆದ ಗ್ವಾಡಿ ಮೂಲಿ ಒಂದೆರಡು ಡಿಗ್ರಿ ಹೆಚ್ಚುಕಡಿಮಿ ಇರೂದು ಎಲ್ಲಾರ ಮನ್ಯಾಗೂ ಅದ. ಅದು 92 ಇದ್ರ ಎರಡೂ ಹಲಗಿ 46ಕ್ಕ ಕೂಡಬೇಕು. 45ಕ್ಕ ಕೊಯ್ದ್ರ, 10 ಸೆಂಟಿಮೀಟರ್ ಅಗಲದ ಶೆಲ್ಫಿನ ಹಲಗಿ ಸುಮಾರು 5 ಮಿಲಿಮೀಟರ್ ಬಾಯಿ ಬಿಡತದ.

ಎರಡನೇದು ಮಶಿನ್ ಮ್ಯಾಲಿನ ಅಂಕಿ. ಅದರಾಗ 0 ಅಂದ್ರ ನೆಟ್ಟಗ ಅಡ್ಡ ಕೊಯ್ಯೂದು. ಹಂಗಾಗಿ ಬಂದ ಅರ್ಧಾನ 90ರಾಗ ಕಳೀಬೇಕು. ಆರು ಮೂಲಿ ಚೌಕಟ್ಟಿನ ಒಳಗಿನ ಕೋನ 120, ಅದರ ಅರ್ಧ 60, ಮಶಿನ್ ಇಡೂದು 30ಕ್ಕ. ಎಲ್ಲಾ ಬಾಜು ಸಮ ಇದ್ರ ಇನ್ನೂ ಸಲೀಸು: 180ನ್ನ ಮೂಲಿ ಎಣಿಕೆಯಿಂದ ಭಾಗಿಸ್ರಿ. ನಾಕಕ್ಕ 45, ಆರಕ್ಕ 30, ಎಂಟಕ್ಕ 22.5.

"ಅರ್ಧ ಡಿಗ್ರಿ ಏನಾಗತದ ಬಿಡ್ರಿ" ಅನ್ನೋರೂ ಇದ್ದಾರ. ಎಂಟು ಮೂಲಿಗೆ 16 ಸಲ ಕೊಯ್ಯಬೇಕು. ಪ್ರತಿ ಸಲ ಒಂದ ಕಡೆ ಅರ್ಧ ಡಿಗ್ರಿ ತಪ್ಪಿದ್ರ ಕಡೀ ಮೂಲ್ಯಾಗ 8 ಡಿಗ್ರಿ ಬಂದು ಕೂಡತದ. ಆವಾಗ ಎಷ್ಟು ಹೊಟ್ಟು ಮೆತ್ತತೀರಿ?

ಡಿಗ್ರಿ ಅಳಿಯೋ ಸಾಮಾನು ಇಲ್ಲಂದ್ರೂ ನಡೀತದ. ಹಳೇ ಪೇಪರ್ ಮೂಲ್ಯಾಗ ಹಚ್ಚಿ, ಎರಡೂ ಗ್ವಾಡಿ ಗುಂಟ ಗೆರಿ ಬರೂಹಂಗ ಮಡಚಿ, ಆ ಗೆರಿ ಮ್ಯಾಲ ಕತ್ತರಸ್ರಿ. ಎರಡೂ ಅಂಚು ಕೂಡಿಸಿ ಮತ್ತ ಮಡಚ್ರಿ. ಆ ಮಡಿಕೀನ ಪಟ್ಟಿ ಕೊಯ್ಯೋ ಓರಿ. ಫೋಟೋ ಚೌಕಟ್ಟು ಆದ್ರ ಎದರಾಬದರಾ ಪಟ್ಟಿ ಜೋಡಿಸಿ ಉದ್ದ ಒಂದ ಅದನೋ ಇಲ್ಲೋ ನೋಡ್ರಿ. ಕೂಡಿಸಿದ ಮ್ಯಾಲ ಮೂಲಿಯಿಂದ ಮೂಲಿಗೆ ಎರಡೂ ಓರಿ ದಾರ ಹಿಡೀರಿ. ಎರಡೂ ದಾರ ಸಮ ಇರಲಿಕ್ಕೇ ಬೇಕು.

ನ್ಯಾಯದ ಮಾತೂ ಹೇಳಬೇಕು. ಹಸಿ ಕಟಗಿ ಒಣಗಿದಂಗ ಅಗಲದಾಗ ಕುಗ್ಗತದ, ಉದ್ದದಾಗ ಹಂಗ ಕುಗ್ಗೂದಿಲ್ಲ. ಆವಾಗ ಚೌಕಟ್ಟಿನ ಒಳಬದಿ ಸಂದಿ ಬಿಡತದ. ಅದು ಕೊಯ್ದ ಕೈ ತಪ್ಪಲ್ಲ, ಕಟಗಿ ಆರಿಸಿದವರ ತಪ್ಪು. ಆದ್ರ ಕೂಡಿಸಿದ ದಿನಾನ ಸಂದಿ ಕಂಡ್ರ ಅದು ಅಳತಿ ತಪ್ಪು, ಬ್ಯಾರೆ ನೆವ ಇಲ್ಲ.

ಅದಕ್ಕ ವೈನಿ, ಅಕ್ಕಾ, ಮೌಶಿ, ಹೊಟ್ಟು ಮೆತ್ತೂಕಿಂತ ಮೊದಲ ಹೋಗಿ ನಿಂದರ್ರಿ. "ಗುಣ್ಯಾ ಹಚ್ಚಿ ತೋರಸ್ರಿ, ಆಮ್ಯಾಲ ಗೋಂದು" ಅನ್ರಿ. ಕೈ ಶುದ್ಧ ಇದ್ದ ಬಡಿಗ್ಯಾ ಈ ಮಾತಿಗೆ ಸಿಟ್ಟಾಗೂದಿಲ್ಲ, ನಕ್ಕೋತ ತೋರಸ್ತಾನ. ಸಿಟ್ಟಾದ್ರ ಅಲ್ಲೇ ತಿಳಕೋರಿ.