ವಿಷವೂ ಮದ್ದೂ ಆದ ಗುಳಿಗೆ



ಮುರಿದ ಬೆಂಚುಗಳಿಗೆ ಸುಣ್ಣದ ಗುರುತು ಹಾಕಿ ಹೊರಗೆ ಹಾಕಿಸುವುದು ಹಳ್ಳಿಶಾಲೆಯ ಮುಖ್ಯಾಧ್ಯಾಪಕನಿಗೆ ರೂಢಿಯ ಕೆಲಸ. ನಮ್ಮ ಜೀವಕೋಶವೂ ಬೇಡವಾದ ಪ್ರೋಟೀನಿಗೆ ‘ಯುಬಿಕ್ವಿಟಿನ್’ ಎಂಬ ಗುರುತು ಅಂಟಿಸಿ ನುಚ್ಚುಮಾಡುತ್ತದೆ. ಇದನ್ನು ಕಂಡುಹಿಡಿದ ಸಿಯೆಚನೋವರ್, ಹರ್ಷ್ಕೊ, ರೋಸ್ ಎಂಬವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕ್ಯಾನ್ಸರನ್ನು ಪೋಷಿಸುವ ಪ್ರೋಟೀನಿಗೂ ಈ ಗುರುತು ಬೀಳುವಂತೆ ಮಾಡಬಹುದೇ? ಥ್ಯಾಲಿಡೊಮೈಡ್ ಗುಳಿಗೆ ಮಾಡುತ್ತಿದ್ದುದು ಅದನ್ನೇ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಗೆಂದು ಮಾರಾಟಕ್ಕೆ ಬಂದ ಅದನ್ನು ಗರ್ಭಿಣಿಯರೂ ನುಂಗಿದರು. ಸಾವಿರಾರು ಶಿಶುಗಳು ಕೈಕಾಲು ಊನವಾಗಿ ಹುಟ್ಟಿದವು. 1961ರಲ್ಲಿ ಅಲ್ಲಿ ಮಾರಾಟ ನಿಂತಿತು. ಮುಂದೆ ಅದೇ ಗುಳಿಗೆ ಮೂಳೆಮಜ್ಜೆಯ ಕ್ಯಾನ್ಸರಾದ ಮೈಲೋಮಕ್ಕೆ ಮದ್ದಾಯಿತು.

ಗುರುತು ಹಾಕುವ ಕೆಲಸದಲ್ಲಿ ಪಾಲುಗೊಳ್ಳುವ ‘ಸೆರೆಬ್ಲಾನ್’ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುವುದನ್ನು ಜಪಾನಿನ ವಿಜ್ಞಾನಿಗಳು 2010ರಲ್ಲಿ ಕಂಡರು. ಆಗ ಮೈಲೋಮದ ಕೋಶಗಳಿಗೆ ಆಧಾರವಾದ ಪ್ರೋಟೀನುಗಳಿಗೆ ಗುರುತು ಬಿದ್ದು ಅವು ನಾಶವಾಗುತ್ತವೆ. ಗರ್ಭಸ್ಥ ಶಿಶುವಿನ ಕೈಕಾಲು ಮೂಡಲು ಬೇಕಾದ ಒಂದು ಪ್ರೋಟೀನೂ ಅದೇ ದಾರಿಯಲ್ಲಿ ಹಾಳಾಗುವುದೆಂದು 2018ರಲ್ಲಿ ತಿಳಿಯಿತು. ವಿಷದ ಗುಟ್ಟೂ ಮದ್ದಿನ ಗುಟ್ಟೂ ಒಂದೇ! ಒಂದು ಕೈಯಲ್ಲಿ ಕೆಡುಕಿನ ಪ್ರೋಟೀನನ್ನೂ ಇನ್ನೊಂದರಲ್ಲಿ ಗುರುತು ಹಾಕುವ ಪ್ರೋಟೀನನ್ನೂ ಹಿಡಿದು ಸೇರಿಸುವ ಔಷಧಗಳನ್ನು ರೂಪಿಸುವ ಸಂಶೋಧನೆ 2001ರಿಂದ ನಡೆದಿದೆ.

ಉಮರಗಾ, ನಿಲಂಗಾ, ಉದಗೀರ ಕಡೆಯ ಯಾವ ಮನೆಗಾದರೂ ಬಾರ್ಶಿ, ಸೊಲ್ಲಾಪುರಗಳ ಆಸ್ಪತ್ರೆಯಿಂದ ಈ ಗುಳಿಗೆ ಬಂದಿದ್ದರೆ ಒಂದು ಮಾತು ನೆನಪಿರಲಿ: ಅಜ್ಜನ ಪ್ರಾಣ ಕಾಯುವ ಮದ್ದು ಬಸುರಿ ಸೊಸೆಯ ಕೂಸಿಗೆ ವಿಷ. ಆಕೆ ಅದನ್ನು ಮುಟ್ಟಲೂ ಬಾರದು. ಉಳಿದ ಗುಳಿಗೆಯನ್ನು ನೆರೆಯವರಿಗೆ ಕೊಡಬೇಡಿರಿ, ವೈದ್ಯರಿಗೇ ಹಿಂದಿರುಗಿಸಿರಿ.