ಮಂಜುಳಾ ಕೊಟ್ಟ ಪಟ್ಟಿ, ನಾವು ಮಾಡಿಸೋ ರಾಜಿ



ಇವತ್ತು ಒಂದು ಕಾರ್ಟೂನ್ ಬಗ್ಗೆ ಬರೀತಿದ್ದೀನಿ. "ಭೂಮಿ, ಮೀಸಲಾತಿ, ದೌರ್ಜನ್ಯ ಇಷ್ಟೆಲ್ಲ ಇರೋವಾಗ ಕಾರ್ಟೂನ್ ಯಾಕೆ?" ಅನ್ನೋರು ಕೊನೆವರೆಗೂ ಓದಿ, ಆಮೇಲೆ ಬೈಯಿರಿ.

'ದಿ ಸಿಂಪ್ಸನ್ಸ್' 1989ರಿಂದ ನಡೀತಿರೋ ಅಮೆರಿಕದ ಕಾರ್ಟೂನ್ ಧಾರಾವಾಹಿ. ಅದರಲ್ಲಿ ಅಪು ಅಂತ ಒಬ್ಬ ಭಾರತೀಯ ಅಂಗಡಿಯವನು. ಹೆಂಡತಿ ಮಂಜುಳಾ. ಮನೆಯವರು ಗೊತ್ತು ಮಾಡಿದ ಮದುವೆ. ಒಂದೇ ಹೆರಿಗೆಯಲ್ಲಿ ಎಂಟು ಮಕ್ಕಳು. 2002ರ ಮೇ ತಿಂಗಳಲ್ಲಿ ಬಂದ 'ದಿ ಸ್ವೀಟೆಸ್ಟ್ ಅಪು' ಅನ್ನೋ ಕಂತಿನಲ್ಲಿ, ಅಂಗಡಿಗೆ ತಂಪು ಪಾನೀಯ ತಂದುಕೊಡೋ ಹೆಂಗಸಿನ ಜೊತೆ ಅಪು ಸಂಬಂಧ ಇಟ್ಕೊಂಡಿರ್ತಾನೆ. ಅದು ಗೆಳೆಯ ಹೋಮರ್ ಕಣ್ಣಿಗೆ ಬೀಳುತ್ತೆ. ಅವನ ಹೆಂಡತಿ ಮಾರ್ಜ್‌ಗೂ ಗೊತ್ತಾಗುತ್ತೆ. ಇಬ್ಬರೂ ಅಪುಗೆ ಬುದ್ಧಿ ಹೇಳ್ತಾರೆ. ಮಂಜುಳಾಗೆ ಸತ್ಯ ಗೊತ್ತಾಗೋದು ಅಂಗಡಿಯ ಕ್ಯಾಮೆರಾ ಟೇಪ್ ನೋಡಿದಾಗ. ಅವಳು ಗಂಡನನ್ನ ಮನೆಯಿಂದ ಹೊರಗೆ ಹಾಕ್ತಾಳೆ.

ಆಮೇಲೆ ಶುರುವಾಗೋದೇ ರಾಜಿ. ಹೋಮರ್, ಮಾರ್ಜ್ ಮಧ್ಯಸ್ಥಿಕೆಗೆ ಇಳೀತಾರೆ. ಎಂಟು ಮಕ್ಕಳಿದಾವೆ, ಅಪ್ಪ ಅಮ್ಮ ಒಂದಾಗ್ಬೇಕು. ಕೊನೆಗೆ ಮಂಜುಳಾ ಒಪ್ತಾಳೆ, ಆದ್ರೆ ಸುಮ್ಮನೆ ಅಲ್ಲ. ಗಂಡನ ಕೈಗೆ ಷರತ್ತುಗಳ ಪಟ್ಟಿ ಕೊಡ್ತಾಳೆ. 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಪ್ರಕಟ ಆಗ್ಬೇಕು, ಹೆಸರು ಬದಲಾಯಿಸ್ಕೊಂಡು ಹೇಸಿಗೆ ಹುಟ್ಟಿಸೋ ಹೆಸರು ಇಟ್ಕೋಬೇಕು, ಬಲ್ಬ್ ತಿನ್ನಬೇಕು. ಜನ ಬಿದ್ದು ಬಿದ್ದು ನಗ್ತಾರೆ. "ಅಬ್ಬಾ, ಎಂಥ ಹೆಂಡತಿ!"

ನನಗೆ ನಗು ಬರಲಿಲ್ಲ. ಆ ಕಂತಿನಲ್ಲಿ ಅತ್ಯಂತ ನ್ಯಾಯವಾದ ವಸ್ತು ಅಂದ್ರೆ ಆ ಪಟ್ಟಿನೇ. ತಪ್ಪು ಮಾಡಿದವನು ಬೆಲೆ ಕಟ್ಟದೆ ಸಿಗೋದು ಕ್ಷಮೆ ಅಲ್ಲ, ಅದು ಬಾಯಿ ಮುಚ್ಚಿಸೋ ಏರ್ಪಾಡು. ಇದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೇರಿಯ ಹುಡುಗನಿಗೆ ಹೊಡೆದ ಮಾರನೇ ದಿನ ಊರ ಗೌಡರು ಕರೆಸಿ "ಆಗಿದ್ದು ಆಗೋಯ್ತು, ಒಂದೇ ಊರಲ್ಲಿ ಬಾಳ್ಬೇಕಲ್ಲ, ಕೈ ಕುಲುಕ್ರಪ್ಪ" ಅಂತಾರಲ್ಲ, ಆ ರಾಜಿಯನ್ನ ನಾವು ಎಷ್ಟು ವರ್ಷದಿಂದ ನೋಡಿಲ್ಲ? ಹೊಡೆದವನು ಏನೂ ಕಳ್ಕೊಳ್ಳಲ್ಲ. ಹೊಡೆಸ್ಕೊಂಡವನು ಕೇಸ್ ವಾಪಸ್ ತಗೋಬೇಕು. ಊರಿನ ಶಾಂತಿಯ ಖರ್ಚೆಲ್ಲ ಕೇರಿಯ ಲೆಕ್ಕಕ್ಕೆ. ಮನೆಯೊಳಗೂ ಅದೇ ಲೆಕ್ಕ. ನಂಬಿಕೆ ಮುರಿದವನು ಗಂಡ, ಸಂಸಾರ ಉಳಿಸೋ ಖರ್ಚು ಹೆಂಡತಿಗೆ.

ಹಾಗಂತ ಆ ಧಾರಾವಾಹಿಗೆ ನಾನು ಹಾರ ಹಾಕ್ತಿಲ್ಲ. ಪಟ್ಟಿ ಕೊಟ್ಟು, ಅದನ್ನೇ ತಮಾಷೆ ಮಾಡ್ತು. ಬಲ್ಬ್ ತಿಂದ್ರೆ ನಂಬಿಕೆ ವಾಪಸ್ ಬರುತ್ತಾ? ಎಂಟು ಮಕ್ಕಳ ಅಂಡು ತೊಳೆಯೋದು ಯಾರು, ರಾತ್ರಿ ಎದ್ದು ಹಾಲು ಕೊಡೋದು ಯಾರು, ಅಂಗಡಿಯ ದುಡ್ಡು ಯಾರ ಕೈಯಲ್ಲಿರುತ್ತೆ, ಇದು ಪಟ್ಟಿಯಲ್ಲಿ ಬರಬೇಕಿತ್ತು. ಗಂಡನಿಗೆ ಅವಮಾನ ಆಯ್ತು, ಬದುಕು ಬದಲಾಗಲಿಲ್ಲ.

ಇನ್ನೊಂದು ಮಾತು. 1999ರ 'ಎಯ್ಟ್ ಮಿಸ್‌ಬಿಹೇವಿನ್' ಕಂತು ನೆನಪಿಸ್ಕೊಳ್ಳಿ. ಮಂಜುಳಾ ತಾನೇ ಗರ್ಭ ನಿಲ್ಲೋ ಮಾತ್ರೆ ತಗೋತಿರ್ತಾಳೆ. ಸಾಲದು ಅಂತ ಗಂಡನೂ, ಸಿಂಪ್ಸನ್ ಮನೆಯವರೂ ಅವಳಿಗೆ ಗೊತ್ತಾಗದ ಹಾಗೆ ಅದೇ ಮಾತ್ರೆ ಕೊಟ್ಟಿರ್ತಾರೆ. ಎಂಟು ಮಕ್ಕಳು ಹುಟ್ಟಿದ್ದು ಹಾಗೆ. ಒಬ್ಬ ಹೆಂಗಸಿನ ಮೈಗೆ ಕೇಳದೆ ಔಷಧಿ ಹಾಕೋದು ನಂಬಿಕೆದ್ರೋಹ ಅಲ್ವಾ? ಅದಕ್ಕೆ ಯಾವ ಪಟ್ಟಿನೂ ಬರಲಿಲ್ಲ. ಬರೀ ಜೋಕು.

2017ರಲ್ಲಿ ಹರಿ ಕೊಂಡಬೋಲು 'ದಿ ಪ್ರಾಬ್ಲಮ್ ವಿತ್ ಅಪು' ಅನ್ನೋ ಸಾಕ್ಷ್ಯಚಿತ್ರ ಮಾಡಿದ್ರು. ಬಿಳಿಯ ನಟ ಭಾರತೀಯರ ಉಚ್ಚಾರಣೆಯನ್ನ ಅಣಕಿಸೋದರ ಬಗ್ಗೆ ದೊಡ್ಡ ಚರ್ಚೆ ಆಯ್ತು. ಹ್ಯಾಂಕ್ ಅಜಾರಿಯಾ 2020ರಲ್ಲಿ ಆ ಪಾತ್ರಕ್ಕೆ ಧ್ವನಿ ಕೊಡೋದು ನಿಲ್ಲಿಸಿದ್ರು. ಆ ಹೋರಾಟ ಸರಿಯಾದದ್ದೇ. ಆದ್ರೆ ಗಂಡಸಿನ ಉಚ್ಚಾರಣೆಗೆ ಆದ ಅವಮಾನ ಎಲ್ಲರಿಗೂ ಕಾಣಿಸ್ತು. ಅದೇ ಮನೆಯ ಹೆಂಗಸಿಗೆ ಆದ ಮೋಸದ ಬಗ್ಗೆ ಅಂಥ ಚರ್ಚೆ ಎಲ್ಲಿ? ಸಮುದಾಯದ ಮರ್ಯಾದೆ ಅಂದ ಕೂಡಲೇ ಗಂಡಸಿನ ಮುಖನೇ ಯಾಕೆ ಮುಂದೆ ಬರುತ್ತೆ?

ಈಗ ಅಸಲು ವಿಷಯ. ಮಂಜುಳಾ ಯಾಕೆ ಪಟ್ಟಿ ಕೊಡೋಕೆ ಸಾಧ್ಯ ಆಯ್ತು? ಬಾಗಿಲು ಅವಳ ಕೈಯಲ್ಲಿತ್ತು. "ಹೋಗು" ಅನ್ನೋ ಶಕ್ತಿ ಇದ್ದವಳಿಗೆ ಮಾತ್ರ "ಬಾ" ಅನ್ನೋ ಮಾತಿಗೆ ಬೆಲೆ.

ಆ ಬಾಗಿಲಿಗೋಸ್ಕರ ಬಾಬಾಸಾಹೇಬರು ಮಂತ್ರಿಗಿರಿನೇ ಬಿಟ್ರು. ಹಿಂದೂ ಕೋಡ್ ಬಿಲ್‌ನಲ್ಲಿ ಹೆಣ್ಣಿಗೆ ಆಸ್ತಿ ಇತ್ತು, ವಿಚ್ಛೇದನ ಇತ್ತು, ಏಕಪತ್ನಿತ್ವ ಇತ್ತು. ಅದನ್ನ ಮುಳುಗಿಸಿದ್ದು ಅವರ 1951ರ ರಾಜೀನಾಮೆಗೆ ಮುಖ್ಯ ಕಾರಣಗಳಲ್ಲೊಂದು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂದಾಗಲೂ ಗಂಡ "ವ್ಯಭಿಚಾರದಲ್ಲೇ ಬದುಕ್ತಿದ್ದಾನೆ" ಅಂತ ತೋರಿಸಿದ್ರೆ ಮಾತ್ರ ಆ ಕಾರಣಕ್ಕೆ ವಿಚ್ಛೇದನ. ಒಂದು ಸಲದ ದ್ರೋಹವೂ ಸಾಕು ಅಂತ ಆಗಿದ್ದು 1976ರ ತಿದ್ದುಪಡಿಯಲ್ಲಿ. ಇವತ್ತಿಗೂ ಆ ಕಾಯ್ದೆಯ 23(2)ನೇ ಕಲಂ, ಮೊದಲು ರಾಜಿಗೆ ಪ್ರಯತ್ನ ಮಾಡೋದು ಕೋರ್ಟಿನ ಕರ್ತವ್ಯ ಅನ್ನುತ್ತೆ. ಕಲಂ ಗಂಡ ಹೆಂಡತಿ ಇಬ್ಬರಿಗೂ ಒಂದೇ. ಆದ್ರೆ "ಅಡ್ಜಸ್ಟ್ ಮಾಡ್ಕೋಮ್ಮಾ" ಅನ್ನೋ ಮಾತು ಯಾರ ಕಡೆ ತಿರುಗುತ್ತೆ ಅಂತ ನಿಮಗೇ ಗೊತ್ತು.

ಕೋರ್ಟು, ಕಾರ್ಟೂನು ಬಿಡಿ. ನಮ್ಮ ಚಳವಳಿಗೆ ಬನ್ನಿ.

ನಾವು ಮಂತ್ರ ಮಾಂಗಲ್ಯ ಮಾಡಿಸ್ತೀವಿ, ಅಂತರ್ಜಾತಿ ಮದುವೆಗೆ ಮುಂದೆ ನಿಂತು ಸಹಿ ಹಾಕ್ತೀವಿ, ಸಂವಿಧಾನದ ಪೀಠಿಕೆ ಓದಿಸ್ತೀವಿ. ಮದುವೆ ಹೇಗೆ ಆಯ್ತು ಅನ್ನೋದರ ಬಗ್ಗೆ ಗಂಟೆಗಟ್ಟಲೆ ಭಾಷಣ. ಆ ಸಂಸಾರ ಹೇಗೆ ನಡೀತಿದೆ ಅಂದ್ರೆ ಮೌನ. ಮುಖಂಡನ ಹೆಂಡತಿ ಅತ್ಕೊಂಡು ಬಂದ್ರೆ ಏನಂತೀವಿ? "ಅಕ್ಕಾ, ಅಣ್ಣ ಸಂಘಟನೆಗೆ ಬೇಕಾದವರು. ವಿಷಯ ಹೊರಗೆ ಹೋದ್ರೆ ಆರೆಸ್ಸೆಸ್‌ನೋರು ಆಡ್ಕೋತಾರೆ. ಮಕ್ಕಳ ಮುಖ ನೋಡಿ." ಪೊಲೀಸ್ ಸ್ಟೇಷನ್ನಿಗೆ ಹೋದ್ರೆ ಅಲ್ಲಿ ಅವಳ ಜಾತಿ ಕೇಳ್ತಾರೆ. ನಮ್ಮ ಹತ್ರ ಬಂದ್ರೆ ನಾವು ಜಾತಿಯ ಮರ್ಯಾದೆ ನೆನಪಿಸ್ತೀವಿ. ಅವಳು ಎಲ್ಲಿಗೆ ಹೋಗ್ಬೇಕು? ಗೌಡರ ಜಗಲಿ ಮೇಲೆ ನಡೆದ ರಾಜಿಯನ್ನ ಧಿಕ್ಕರಿಸಿ ಬಂದ ನಾವು, ಅದೇ ಜಗಲಿಯನ್ನ ನಮ್ಮ ಆಫೀಸಿನಲ್ಲಿ ಕಟ್ಕೊಂಡಿದ್ದೀವಿ.

1942ರ ನಾಗಪುರ ಸಮಾವೇಶದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದು ಗಂಡನ ಗೆಳತಿಯಾಗಿ, ಸರಿಸಮಾನಳಾಗಿ ನಿಲ್ಲಿ, ಗುಲಾಮಳಾಗಬೇಡಿ ಅಂತ. ಆ ಮಾತನ್ನ ಏಪ್ರಿಲ್ 14ರ ಬ್ಯಾನರ್ರಿಗೆ ಮಾತ್ರ ಇಟ್ಕೊಂಡಿದ್ದೀವಿ.

"ಹಾಗಾದ್ರೆ ಸಂಸಾರ ಒಡೀಬೇಕಾ? ಮಕ್ಕಳ ಗತಿ ಏನು?" ಅಂತ ಕೇಳೋರಿದ್ದಾರೆ. ಒಡೀರಿ ಅಂತ ನಾನು ಹೇಳ್ತಿಲ್ಲ. ಅಪ್ಪ ಅಮ್ಮ ಒಂದಾದ್ರೆ ಮಕ್ಕಳಿಗೆ ಸಂತೋಷ, ನಿಜ. ಆದ್ರೆ ಅಮ್ಮನ ಸುಳ್ಳುನಗು ಮಕ್ಕಳಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀರಾ? ಅನ್ಯಾಯ ನುಂಗ್ಕೊಂಡು ಬಾಳೋದನ್ನ ಮಕ್ಕಳು ಮನೆಯಲ್ಲೇ ಕಲಿತ್ರೆ, ನಾಳೆ ಊರಲ್ಲಿ ತಲೆ ಎತ್ತೋದು ಹೇಗೆ?

ನನ್ನ ಬೇಡಿಕೆ ಇಷ್ಟೇ. ಸಂಘಟನೆಗೆ ಇಂಥ ವಿಷಯ ಬಂದ್ರೆ ಮೊದಲು ಹೆಂಗಸಿನ ಮಾತು ಕೇಳಿ, ಕೇಳೋರಲ್ಲಿ ಹೆಂಗಸರೇ ಹೆಚ್ಚಿರಲಿ. ರಾಜಿ ಆಗೋದಾದ್ರೆ ಷರತ್ತು ಬರೆಯೋ ಪೆನ್ನು ಅವಳ ಕೈಯಲ್ಲಿರಲಿ: ಮನೆ ಯಾರ ಹೆಸರಿಗೆ, ದುಡ್ಡು ಯಾರ ಕೈಗೆ, ಮಕ್ಕಳ ಕೆಲಸ ಯಾರಿಗೆ ಎಷ್ಟು. ಅವಳು "ರಾಜಿ ಬೇಡ" ಅಂದ್ರೆ ಅದೇ ಕೊನೆ ಮಾತು. ವಕೀಲರನ್ನ ಹುಡುಕಿಕೊಡೋದು ನಮ್ಮ ಕೆಲಸ. ಅಣ್ಣನಿಗೆ ವೇದಿಕೆ ಮೇಲೆ ಕುರ್ಚಿ ಹಾಕೋ ಮುಂಚೆ ಅಕ್ಕನ ಷರತ್ತು ಪೂರೈಸಿದಾರಾ ಅಂತ ಕೇಳಿ.

ಕಮೆಂಟಿನಲ್ಲಿ "ಇದು ಮನೆಯ ವಿಷಯ" ಅಂತ ಬರೆಯೋರಿಗೆ ಈಗಲೇ ಉತ್ತರ: ಕೇರಿ ವಿಷಯ ಬಂದಾಗ "ಇದು ಊರಿನ ಒಳಗಿನ ವಿಷಯ" ಅಂತ ಹೇಳ್ತಿದ್ದವರು ಯಾರು ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ.

ಜೈ ಭೀಮ್. ಜೈ ಸಾವಿತ್ರಿ.