ಹೊಸಿಲು ದಾಟಲಾಗದವಳಿಗೆ ಆಶ್ರಯವೆಲ್ಲಿ?



ಗಂಡನ ಮನೆಯ ಹೊಡೆತ ತಾಳಲಾರದವಳಿಗೆ ನಾವು ಹೇಳುವ ಮಾತು ಒಂದೇ: "ಹೊರಗೆ ಬಾ, ಬಸ್ಸು ಹತ್ತು, ನಾವಿದ್ದೇವೆ." ಆದರೆ ಕಾಲಿಗೆ ಶಕ್ತಿಯಿಲ್ಲದವಳು ಹೇಗೆ ಬರಬೇಕು? ಕಣ್ಣು ಕಾಣದವಳು ಯಾರ ಕೈ ಹಿಡಿಯಬೇಕು? ಕಿವಿ ಕೇಳದ, ಮಾತು ಬಾರದ ಹೆಂಗಸು 181ಕ್ಕೆ ಫೋನು ಮಾಡಿ ಏನೆಂದು ಹೇಳಬೇಕು? ನಮ್ಮ ಚಳವಳಿ ಈ ಪ್ರಶ್ನೆಗಳನ್ನು ಕೇಳಿದ್ದು ಬಹಳ ಕಡಿಮೆ.

"ಕುಂಟಿಯನ್ನು ಕಟ್ಟಿಕೊಳ್ಳುತ್ತೇವಲ್ಲ" ಎಂದು ವರದಕ್ಷಿಣೆ ಹೆಚ್ಚು ಕೇಳುತ್ತಾರೆ. ಮದುವೆಯಾದ ಮೇಲೆ ಅವಳ ಮಾಸಾಶನವೂ ಅವರ ಕೈಗೇ. ಬಚ್ಚಲಿಗೆ ಕರೆದೊಯ್ಯುವವನೇ ಹೊಡೆಯುವವನಾದರೆ ಅವಳನ್ನು ಕೂಡಿಹಾಕಲು ಬೀಗ ಬೇಕಿಲ್ಲ, ಊರುಗೋಲು ಅಡಗಿಸಿಟ್ಟರೆ ಸಾಕು. ಬೆಂಕಿಯಲ್ಲಿ ಬೆಂದು, ಏಟು ತಿಂದು ಬದುಕುಳಿದು ಅಂಗವಿಕಲರಾದ ಸೋದರಿಯರೂ ನಮ್ಮಲ್ಲಿದ್ದಾರೆ.

ನಮ್ಮ ಹನೂರು ತಾಲ್ಲೂಕನ್ನೇ ನೋಡಿ. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಿಂದ ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ನಮಗೆ ಹೊಸದಲ್ಲ. ಸಖಿ ಕೇಂದ್ರ ಇರುವುದು ಜಿಲ್ಲೆಗೊಂದರಂತೆ. ನಮಗದು ಕೊಳ್ಳೇಗಾಲವನ್ನೂ ದಾಟಿ ಚಾಮರಾಜನಗರದಲ್ಲಿ. ಹೊಡೆಸಿಕೊಂಡ ರಾತ್ರಿ ಅಂಗವಿಕಲ ಹೆಂಗಸು ಅಷ್ಟು ದೂರ ಒಬ್ಬಳೇ ಹೋಗಲಾರಳು. ಹೋದರೂ ಅಲ್ಲಿ ನಾಲ್ಕು ಮೆಟ್ಟಿಲು ಎದುರಾದರೆ?

ಕಾನೂನು ನಮ್ಮ ಪರ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 6ನೇ ಕಲಮಿನಂತೆ, ಹಿಂಸೆಗೊಳಗಾದವಳು ಕೇಳಿದರೆ, ಅಥವಾ ಅವಳ ಪರವಾಗಿ ಸಂರಕ್ಷಣಾಧಿಕಾರಿ ಕೇಳಿದರೆ, ಆಶ್ರಯ ಮನೆ ಜಾಗ ಕೊಡಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಅಂಗವಿಕಲರ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಕಂಡರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ಆ ಅಧಿಕಾರ ಹನೂರಿನ ತಹಶೀಲ್ದಾರರಿಗೇ ಇದೆ. ಸಾರ್ವಜನಿಕ ಕಟ್ಟಡಗಳನ್ನು ಅಂಗವಿಕಲರು ಬಳಸುವಂತೆ ಮಾಡಲು ಇದೇ ಕಾಯ್ದೆ ಕೊಟ್ಟಿದ್ದ 5 ವರ್ಷದ ಗಡುವು 2022ಕ್ಕೇ ಮುಗಿದಿದೆ.

ಹಾಗಾದರೆ ನಮ್ಮ ಸಂಘಗಳು ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಊರಿನ ಅಂಗವಿಕಲ ಹೆಂಗಸರನ್ನು ಸಂಘಕ್ಕೆ ಸೇರಿಸಿಕೊಳ್ಳಿ. ಮನೆಯವರು ಎದುರಿಗಿಲ್ಲದಾಗ ಅವರೊಡನೆ ಮಾತಾಡಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪರಿಚಯ ಮಾಡಿಕೊಳ್ಳಿ. ರಾತ್ರಿ ಹೊತ್ತು ಯಾರ ಆಟೊ, ಯಾರ ಜೀಪು ಬರುತ್ತದೆ, ಜೊತೆಗೆ ಯಾರು ಹೋಗುತ್ತಾರೆ ಎಂದು ಈಗಲೇ ಗೊತ್ತುಮಾಡಿಕೊಳ್ಳಿ. ಹೊರಡುವಾಗ ಊರುಗೋಲು, ಔಷಧಿ, ಅಂಗವಿಕಲರ ಗುರುತಿನ ಚೀಟಿ, ಬ್ಯಾಂಕ್ ಪುಸ್ತಕ ಮರೆಯಬಾರದು.

ಆಮೇಲೆ ಆಶ್ರಯ ಮನೆಗೆ ಗುಂಪಾಗಿ ಹೋಗಿ ನೋಡಿ ಬನ್ನಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಇದೆಯೇ? ಕಕ್ಕಸಿನ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ? ಹಿಡಿದುಕೊಳ್ಳಲು ಕಂಬಿ ಇದೆಯೇ? ಸನ್ನೆ ಭಾಷೆ ಬಲ್ಲವರನ್ನು ಕರೆಸುವ ಏರ್ಪಾಡಿದೆಯೇ? ಇಲ್ಲದ್ದನ್ನು ಬರೆದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. "ಇಂಥವರನ್ನು ನೋಡಿಕೊಳ್ಳುವವರಿಲ್ಲ" ಎಂಬ ಉತ್ತರ ಬಂದರೆ ಬರಹದಲ್ಲಿ ಕೊಡಿ ಎಂದು ಕೇಳಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ವಿಷಯ ಎತ್ತಿಕೊಳ್ಳಿ. ಏನು ತೀರ್ಮಾನವಾಯಿತು, ನಮಗೆ ಬರೆಯಿರಿ.